ಚಿಂತಕರ ಚಾವಡಿಗಳೂ ಲೋಕಾಭಿಪ್ರಾಯವೂ



ರಾಜ್ಯಭಾರದ ವಿಷಯದಲ್ಲಿ ಪ್ರಜೆಗಳು ತಮ್ಮದೆಂದು ನುಡಿಯುವ ಅಭಿಪ್ರಾಯವು ಅನೇಕ ವೇಳೆ ಬೇರೊಂದೆಡೆಯಲ್ಲಿ ಹುಟ್ಟಿ, ಗ್ರಂಥ, ವಿದ್ಯಾಶಾಲೆ, ವೃತ್ತಪತ್ರಿಕೆಗಳ ಮಾರ್ಗವಾಗಿ ಅವರ ನಾಲಗೆಗೆ ಬಂದುದಾಗಿರುತ್ತದೆ. ಹೀಗೆ ಅಭಿಪ್ರಾಯವನ್ನು ಬಿತ್ತುವುದನ್ನೇ ಉದ್ಯೋಗವಾಗಿ ಕೈಕೊಂಡ ವಿದ್ವಜ್ಜನರ ಸಂಸ್ಥೆಗಳಿಗೆ ಈಗ ಚಿಂತಕರ ಚಾವಡಿಗಳೆಂದು ಹೆಸರು. ಇವುಗಳ ಕಾರ್ಯಕ್ರಮವನ್ನರಿಯಲು ಇಂಗ್ಲೆಂಡಿನ ಎರಡು ಸಂಸ್ಥೆಗಳ ಚರಿತ್ರೆಯೇ ಸಾಕು.

1884ರಲ್ಲಿ ಲಂಡನ್ ನಗರದಲ್ಲಿ ಫೇಬಿಯನ್ ಸಂಘವು ಸ್ಥಾಪಿತವಾಯಿತು. ಹ್ಯಾನಿಬಾಲನೊಡನೆ ನೇರವಾಗಿ ಕಾಳಗಕ್ಕಿಳಿಯದೆ ಕಾಲವನ್ನು ಕಾದ ರೋಮನ್ ಸೇನಾನಿ ಫೇಬಿಯಸನ ಹೆಸರನ್ನು ಅದು ಧರಿಸಿತು. ಹೆಸರಿಗೆ ತಕ್ಕ ನಡೆ! ಸಿಡ್ನಿ ವೆಬ್, ಬರ್ನಾರ್ಡ್ ಷಾ ಮೊದಲಾದವರು ಕ್ರಾಂತಿಯನ್ನು ಬಯಸದೆ, ಕಿರುಹೊತ್ತಗೆಗಳಿಂದಲೂ ಉಪನ್ಯಾಸಗಳಿಂದಲೂ ಸಮಾಜವಾದವನ್ನು ಮೆಲ್ಲಮೆಲ್ಲನೆ ಹರಡಿದರು. ಭಾರತೀಯರಿಗೆ ಸುಪರಿಚಿತರಾದ ಆನಿ ಬೆಸೆಂಟರೂ ಮೊದಲು ಆ ಸಂಘದಲ್ಲಿದ್ದವರೇ. ಹಚಿನ್ಸನ್ನನೆಂಬ ಸದಸ್ಯನು ಮರಣಶಾಸನದಲ್ಲಿ ಬಿಟ್ಟುಹೋದ ದ್ರವ್ಯದ ನೆರವಿನಿಂದ 1895ರಲ್ಲಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ ಆರಂಭವಾಯಿತು. 1900ರಲ್ಲಿ ಲೇಬರ್ ಪಕ್ಷಕ್ಕೆ ನಾಂದಿಯಾದ ಸಭೆಯಲ್ಲಿ ಫೇಬಿಯನ್ನರೂ ಇದ್ದರು. ಆ ಪಕ್ಷವು ಪೂರ್ಣ ಬಹುಮತದಿಂದ ಅಧಿಕಾರವನ್ನು ಪಡೆದುದು 1945ರಲ್ಲಿ. ಬಿತ್ತನೆಗೂ ಕೊಯ್ಲಿಗೂ ನಡುವೆ ಅರುವತ್ತು ವರುಷಗಳು ಸಂದಿದ್ದುವು.

ವಿಚಿತ್ರವೇನೆಂದರೆ, ಸಮಾಜವಾದಿಗಳು ಕಟ್ಟಿದ ಆ ವಿದ್ಯಾಶಾಲೆಯಲ್ಲಿಯೇ ಅಧ್ಯಾಪಕನಾಗಿದ್ದ ಹಯೆಕನೆಂಬ ಪಂಡಿತನು, ಸಮಾಜವಾದವನ್ನು ಖಂಡಿಸಿ 1944ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಅದರ ಸಂಗ್ರಹವನ್ನೋದಿದ ಆಂಟನಿ ಫಿಷರನು ರಾಜಕಾರಣಕ್ಕಿಳಿಯುವ ಬಯಕೆಯಿಂದ ಹಯೆಕನನ್ನು ಕಂಡಾಗ, ರಾಜಕಾರಣಿಗಳು ಜನಾಭಿಪ್ರಾಯದ ಹಿಂದೆ ನಡೆಯುವವರು, ಆದುದರಿಂದ ವಿದ್ವಾಂಸರನ್ನು ಒಲಿಸುವುದೇ ಮೇಲು ಎಂಬ ಉಪದೇಶವು ದೊರೆಯಿತು. ಫಿಷರನು ಕೋಳಿಸಾಕಣೆಯಿಂದ ಐಶ್ವರ್ಯವಂತನಾದವನು. (ಮಠದ ಭಕ್ತರ ಕಿವಿಗೆ ಇದು ಹಿತವಲ್ಲ, ಆದರೂ ನಡೆದುದು ನಡೆದುದೇ.) ಆತನು 1955ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಇಕನಾಮಿಕ್ ಅಫೇರ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ರಾಲ್ಫ್ ಹ್ಯಾರಿಸ್, ಆರ್ಥರ್ ಸೆಲ್ಡನ್ ಎಂಬೀರ್ವರು ಅಧ್ಯಾಪಕರಿಗೂ ಪತ್ರಿಕಾಕರ್ತರಿಗೂ ಮುಕ್ತ ವ್ಯಾಪಾರದ ಪಕ್ಷವನ್ನು ವರ್ಷವರ್ಷವೂ ಪುಸ್ತಿಕೆಗಳ ಮೂಲಕ ಬೋಧಿಸಿದರು. 1979ರಲ್ಲಿ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾದ ಬಳಿಕ ಆ ಪುಸ್ತಿಕೆಗಳ ಹಲವು ವಿಚಾರಗಳು ರಾಜ್ಯನೀತಿಯಾದುವು.

ಮತವನ್ನು ಪ್ರತಿಪಾದಿಸುವುದು ದೋಷವಲ್ಲ. ಪೂರ್ವಪಕ್ಷ ಸಿದ್ಧಾಂತಗಳಿಲ್ಲದೆ ಶಾಸ್ತ್ರವೇ ಇಲ್ಲವಷ್ಟೆ. ಶಂಕೆಯು ಅನ್ನದಾತನ ವಿಷಯದಲ್ಲಿ. ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ನಿನ ಹನ್ನೆರಡಕ್ಕೂ ಹೆಚ್ಚು ಸಂಶೋಧನ ಸಂಸ್ಥೆಗಳಿಗೆ ಪರದೇಶದ ಸರ್ಕಾರಗಳು ಕೋಟ್ಯಂತರ ಡಾಲರುಗಳನ್ನು ಕೊಟ್ಟುದನ್ನು 2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಬಯಲಿಗೆಳೆಯಿತು. ಆ ಸಂಸ್ಥೆಗಳು ತಮ್ಮ ವಿದ್ವಾಂಸರು ಸ್ವತಂತ್ರರೇ ಎಂದುವು. ಇರಬಹುದು. ಆದರೆ ಓದುಗನಿಗೆ ಪಂಡಿತನ ಹೆಸರು ಮಾತ್ರ ಕಂಡು, ದಾನಿಯ ಹೆಸರು ಕಾಣದಿದ್ದಲ್ಲಿ ಆ ಮಾತನ್ನು ತೂಗುವ ತಕ್ಕಡಿ ಯಾವುದು?

ಕಲ್ಯಾಣದ ಅನುಭವಮಂಟಪದಲ್ಲಿಯೂ ವಾದಗಳಿಗೆ ಕೊರತೆಯಿರಲಿಲ್ಲ. ಅಲ್ಲಿ ನುಡಿದವರು ಮಡಿವಾಳ ಮಾಚಯ್ಯನವರು, ಅಂಬಿಗರ ಚೌಡಯ್ಯನವರು, ನುಲಿಯ ಚಂದಯ್ಯನವರು: ಅವರ ಅನ್ನವು ಎಲ್ಲಿಂದ ಬಂದುದೆಂಬುದನ್ನು ಹೆಸರೇ ಮೊದಲು ಹೇಳುತ್ತಿದ್ದಿತು.