ವಿಷದ ಗೆಡ್ಡೆ, ಗೌರಿಯ ಹೂವು

ಭಾದ್ರಪದದ ಚೌತಿಯು ಸಮೀಪಿಸಿತೆಂದರೆ, ಕಾಳೀನದಿಯು ಕಡಲನ್ನು ಸೇರುವೆಡೆಯ ಚಿತ್ತಾಕುಲದ ಸೀಮೆಯಲ್ಲಿ, ಹಳದಿಯಿಂದ ಕೆಂಪಿಗೆ ತಿರುಗುವ ಅಲೆಯಂಚಿನ ಎಸಳುಗಳನ್ನು ಅಗ್ನಿಜ್ವಾಲೆಯಂತೆ ಮೇಲಕ್ಕೆತ್ತಿ, ಎಲೆಯ ತುದಿಯ ಕುಡಿಯಿಂದಲೇ ಆಸರೆಯನ್ನು ಹಿಡಿದೇರುವ ಗೌರೀಹೂವು ಕಣ್ಣಿಗೆ ಬೀಳುವುದುಂಟು. ಇದರ ಗೆಡ್ಡೆಯಲ್ಲಿರುವ ಕಾಲ್ಚಿಸಿನ್ ಪ್ರಾಣಹಾರಕವಾದುದು. ಹಾಗಿದ್ದೂ ನಮ್ಮ ಜನ ಇದಕ್ಕೆ ದೇವಿಯ ಹೆಸರನ್ನಿತ್ತು, ಗಣಪನ ಮೇಲ್ಗಡೆ ಕಟ್ಟುವ ಫಲಾವಳಿಯೆಂಬ ಅಲಂಕಾರದಲ್ಲಿ ಕಾಡುಕಾಯಿಗಳೊಡನೆ ತೂಗಬಿಟ್ಟರು. ಹಾಗೆ ತೂಗಬಿಡುವುದೂ ಒಂದು ಚಿತ್ರಕಲೆಯೇ ಎಂಬೆನು.

ಕಾಗದದ ಮೇಲೂ ಈ ಹೂವಿನ ಚಿತ್ರವುಂಟು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡನು 1678ರಿಂದ 1693ರವರೆಗೆ ಆಂಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಎಂಬ ಸಸ್ಯಗ್ರಂಥದಲ್ಲಿ ಈ ಬಳ್ಳಿಯ ಚಿತ್ರವನ್ನೂ ಬರೆಸಿದನು; ವೈದ್ಯ ಇಟ್ಟಿ ಅಚ್ಯುತನೊಡನೆ ಕೊಂಕಣಿಗರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೂ ಆ ಕಾರ್ಯಕ್ಕೆ ನೆರವಾದರು. ತಾಮ್ರದ ತಗಡಿನಲ್ಲಿ ಕೊರೆದ ಆ ಗೆರೆಗಳಿಗೆ ಬಣ್ಣವಿಲ್ಲ. ಫಲಾವಳಿ ಕಟ್ಟುವವರಿಗೆ ಅದು ಕೊರತೆಯೆನಿಸೀತು, ನನಗಾದರೋ ಬಣ್ಣದ ಬೆರಗಿಲ್ಲದಲ್ಲಿಯೇ ಕುಡಿಯ ಸುರುಳಿಯು ಸ್ಫುಟವಾಗಿ ಕಾಣುತ್ತದೆ.