ಹಳೆಯ ಕಂಪ್ಯೂಟರ್ ಕೈಬಿಡುವ ಮುನ್ನ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ದೊಡ್ಡ ಹುದ್ದೆಯಲ್ಲಿರುವವನಲ್ಲ. ತಾಲ್ಲೂಕು ಕೇಂದ್ರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು ಹದಿನೈದು ವರ್ಷವಾಯಿತು. ಮಹೋತ್ಸವದ ಕೆಲಸಕ್ಕೆಂದು ಬಂದಾಗ ಮುಖ್ಯೋಪಾಧ್ಯಾಯರು ಶಾಲೆಯ ಹಿಂದಿನ ಕೊಠಡಿಯ ಬಾಗಿಲು ತೆಗೆದು ತೋರಿಸಿದರು. ಧೂಳು ಹಿಡಿದು ಒಂದರ ಮೇಲೊಂದು ಪೇರಿಸಿಟ್ಟ ಕಂಪ್ಯೂಟರುಗಳು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದುಕೊಂಡು, ಒಂದೊಂದರ ಮುಂದೆ ಮೂವರಂತೆ ಕೂತು ಹೆದರುತ್ತಾ ಮುಟ್ಟಿದ ಯಂತ್ರಗಳೂ ಅದರಲ್ಲಿದ್ದವು. ಆಮೇಲೆ ಕಚೇರಿಯಲ್ಲಿ ಬಳಸಿ ಬಿಟ್ಟವೂ ಇದ್ದವು. "ಜಾಗ ಖಾಲಿ ಮಾಡಬೇಕು, ಇವನ್ನೆಲ್ಲ ಏನು ಮಾಡೋದಪ್ಪ?" ಎಂದು ಸಾರ್ ಕೇಳಿದರು. ಆ ಪ್ರಶ್ನೆಗೆ ಉತ್ತರವೇ ಇವತ್ತಿನ ನನ್ನ ಮಾತು.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಬಿಡಿಭಾಗಕ್ಕೆಂದು ಗುಜರಿ ಅಂಗಡಿಯಿಂದ ಆರು ಹಳೆಯ ಸಿಪಿಯು ತಂದಿದ್ದೆ. ಒಂದರ ಹಾರ್ಡ್ ಡಿಸ್ಕ್ ಸರಿಯಿದೆಯೇ ಎಂದು ನನ್ನ ಕಂಪ್ಯೂಟರಿಗೆ ಜೋಡಿಸಿದರೆ ಖಾಲಿ ಎಂದು ತೋರಿಸಿತು. ಗಿರಾಕಿಗಳು ತಪ್ಪಿ ಅಳಿಸಿದ ಮದುವೆ ಫೋಟೊಗಳನ್ನು ಹುಡುಕಿಕೊಡಲು ನನ್ನ ಬಳಿ ಒಂದು ಉಚಿತ ತಂತ್ರಾಂಶವಿದೆ. ಸುಮ್ಮನೆ ಅದನ್ನು ಓಡಲು ಬಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಪರದೆ ತುಂಬ ಆಧಾರ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ, ರೇಷನ್ ಕಾರ್ಡು, ಜಾತಿ ಆದಾಯ ಪ್ರಮಾಣಪತ್ರದ ಅರ್ಜಿಗಳು. ಯಾವುದೋ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯ ಯಂತ್ರ ಅದು. ಕೆಳಗೆ ಹೋಗುತ್ತಾ ಹೋಗುತ್ತಾ ನನ್ನ ಸ್ವಂತ ಅಕ್ಕನ ಮಗಳ ವಿದ್ಯಾರ್ಥಿವೇತನದ ಅರ್ಜಿ ಸಿಕ್ಕಿತು. ಅವಳ ಫೋಟೊ, ಮೊಬೈಲ್ ಸಂಖ್ಯೆ, ಮನೆ ವಿಳಾಸ, ಖಾತೆ ಸಂಖ್ಯೆ ಎಲ್ಲವೂ ಇತ್ತು. ಆ ಡಿಸ್ಕಿಗೆ ನಾನು ಕೊಟ್ಟದ್ದು ನೂರೈವತ್ತು ರೂಪಾಯಿ.

ಆ ಅಂಗಡಿಯವರ ಮೇಲೆ ಸಿಟ್ಟು ಬಂತು. ಸ್ವಲ್ಪ ಹೊತ್ತಿಗೆ ನನ್ನ ಮೇಲೇ ಬಂತು. ಅಲ್ಲಿಯವರೆಗೆ ನಾನೂ ಗಿರಾಕಿಗಳ ಹಳೆಯ ಕಂಪ್ಯೂಟರ್ ತೆಗೆದುಕೊಂಡು, ಎರಡು ನಿಮಿಷದಲ್ಲಿ ಫಾರ್ಮ್ಯಾಟ್ ಮಾಡಿ ಮಾರುತ್ತಿದ್ದೆ. ಎಷ್ಟು ಮನೆಗಳ ಕಾಗದಪತ್ರ ನನ್ನ ಕೈಯಿಂದ ದಾಟಿಹೋಗಿದೆಯೋ! ಇವತ್ತಿಗೂ ಅದನ್ನು ನೆನೆದರೆ ಕಸಿವಿಸಿಯಾಗುತ್ತದೆ.

ಇದು ನಮ್ಮೂರಿನ ದಡ್ಡತನ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದ ಎಂಐಟಿಯ ಇಬ್ಬರು ವಿದ್ಯಾರ್ಥಿಗಳು 2000ದಿಂದ 2002ರವರೆಗೆ 158 ಹಳೆಯ ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದು ಕೇವಲ 12. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಸಿಕ್ಕಿದವು.

ಹೀಗೇಕೆ ಆಗುತ್ತದೆ? ರೈತರಿಗೆ ಅರ್ಥವಾಗುವಂತೆ ಹೇಳುತ್ತೇನೆ. ಪಹಣಿಯಲ್ಲಿ ಹೆಸರು ತೆಗೆದುಹಾಕಿದ ಮಾತ್ರಕ್ಕೆ ಹೊಲದಲ್ಲಿ ನಿಂತ ಬೆಳೆ ಮಾಯವಾಗುತ್ತದೆಯೇ? ಡಿಲೀಟ್ ಮಾಡುವುದು, ಕ್ವಿಕ್ ಫಾರ್ಮ್ಯಾಟ್ ಮಾಡುವುದು ಅಷ್ಟೇ. ಯಾವ ಫೈಲು ಎಲ್ಲಿದೆ ಎಂಬ ಪಟ್ಟಿ ಹೋಗುತ್ತದೆ, ಫೈಲು ಅಲ್ಲೇ ಇರುತ್ತದೆ. ಹೊಲವನ್ನು ಪೂರ್ತಿ ಉತ್ತರೆ ಮಾತ್ರ ಬೆಳೆ ಹೋಗುವಂತೆ, ಡಿಸ್ಕಿನ ಮೂಲೆಮೂಲೆಗೂ ಹೊಸದಾಗಿ ಬರೆದರೆ ಮಾತ್ರ ಹಳೆಯದು ಅಳಿಯುತ್ತದೆ.

"ನಮ್ಮಂಥ ಬಡವರ ಮಾಹಿತಿ ಯಾರಿಗೆ ಬೇಕು?" ಎನ್ನುವವರಿದ್ದಾರೆ. "ನಿಮ್ಮ ಮಗಳ ವಿದ್ಯಾರ್ಥಿವೇತನ ಬಂದಿದೆ, ಒಟಿಪಿ ಹೇಳಿ" ಎಂದು ಫೋನ್ ಮಾಡುವವನಿಗೆ ಬೇಕು. ಮಗಳ ಹೆಸರು, ಶಾಲೆ, ಬ್ಯಾಂಕು ಮೂರನ್ನೂ ಸರಿಯಾಗಿ ಹೇಳಿದರೆ ನಾವು ನಂಬಿಬಿಡುತ್ತೇವೆ.

ಹಾಗಾದರೆ ಏನು ಮಾಡಬೇಕು? ಮೊದಲು ಬೇಕಾದ ಫೋಟೊ, ಕಾಗದಪತ್ರಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ. ಮೇಲ್ ಮುಂತಾದ ಎಲ್ಲ ಖಾತೆಗಳಿಂದ ಹೊರಬನ್ನಿ. ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ರಿಸೆಟ್ ಎಂಬುದಿದೆ. ಅದರಲ್ಲಿ ಎಲ್ಲವನ್ನೂ ತೆಗೆಯುವ ಆಯ್ಕೆಯ ಜೊತೆಗೆ ಡ್ರೈವನ್ನು ಸ್ವಚ್ಛಗೊಳಿಸುವ ಆಯ್ಕೆಯನ್ನೂ ಒತ್ತಬೇಕು. ಗಂಟೆಗಟ್ಟಲೆ ಹಿಡಿಯುತ್ತದೆ, ತಾಳ್ಮೆ ಇರಲಿ. ಇನ್ನೂ ಹಳೆಯ ಯಂತ್ರವಾದರೆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ, ಕ್ವಿಕ್ ಎಂಬಲ್ಲಿರುವ ಗುರುತು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿಸಿ.

ಕಂಪ್ಯೂಟರ್ ಕೆಟ್ಟುಹೋಗಿದೆ, ಆನ್ ಆಗುವುದಿಲ್ಲ ಎಂದರೆ ಡಿಸ್ಕ್ ಕೆಟ್ಟಿದೆ ಎಂದಲ್ಲ. ನಾಲ್ಕು ಸ್ಕ್ರೂ ಬಿಚ್ಚಿದರೆ ಡಿಸ್ಕ್ ಹೊರಗೆ ಬರುತ್ತದೆ. ಅದನ್ನು ನೀವೇ ಇಟ್ಟುಕೊಂಡು ಉಳಿದದ್ದನ್ನು ಕೊಡಿ. ಡಿಸ್ಕ್ ಬೇಡವೆಂದರೆ ಒಳಗಿನ ತಟ್ಟೆಗಳ ಮೂಲಕ ಹಾಯುವಂತೆ ಮೂರು ನಾಲ್ಕು ಕಡೆ ಡ್ರಿಲ್ ಮಾಡಿಸಿ. ಲ್ಯಾಪ್‌ಟಾಪಿನ ಡಿಸ್ಕುಗಳಲ್ಲಿ ಗಾಜಿನ ತಟ್ಟೆ ಇರಬಹುದು, ಚೂರು ಕಣ್ಣಿಗೆ ಸಿಡಿದೀತು, ಮಕ್ಕಳ ಕೈಗೆ ಕೊಡಬೇಡಿ. ಹೊಸ ಬಗೆಯ ಎಸ್‌ಎಸ್‌ಡಿಯಲ್ಲಿ ತಟ್ಟೆ ಇಲ್ಲ, ಪುಟ್ಟ ಚಿಪ್ಪುಗಳಿವೆ. ಪ್ರತಿ ಚಿಪ್ಪೂ ಒಡೆಯಬೇಕು. ಹಳೆಯ ಮೊಬೈಲ್ ಕೊಡುವಾಗ ಸಿಮ್ಮು, ಮೆಮೊರಿ ಕಾರ್ಡು ತೆಗೆದು, ಫ್ಯಾಕ್ಟರಿ ರಿಸೆಟ್ ಮಾಡಿ. ಇನ್ನೊಂದು ಮಾತು. ಈಗಿನ ಅನೇಕ ದೊಡ್ಡ ಜೆರಾಕ್ಸ್ ಯಂತ್ರಗಳಲ್ಲೂ ಹಾರ್ಡ್ ಡಿಸ್ಕ್ ಇರುತ್ತದೆ.

ಡಿಸ್ಕಿನ ಕಥೆ ಮುಗಿದ ಮೇಲೆ ಉಳಿದ ಡಬ್ಬ. ಹಳೆಯ ದಪ್ಪ ಮಾನಿಟರಿನ ಗಾಜಿನಲ್ಲಿ ಸೀಸ ಇರುತ್ತದೆ, ಅದನ್ನು ತಿಪ್ಪೆಗೆ ಹಾಕಿ ಒಡೆಯಬಾರದು. ತಾಮ್ರದ ಆಸೆಗೆ ವೈರು ಸುಟ್ಟರೆ ಏಳುವ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷವಿರುತ್ತದೆ. ಅದನ್ನು ಮೊದಲು ಕುಡಿಯುವವನು ಸುಡುವ ಬಡವನೇ. ಇದಕ್ಕಾಗಿ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ನೋಂದಾಯಿತ ಮರುಬಳಕೆದಾರರಿಗೇ ಇವನ್ನು ಕೊಡಬೇಕು. ಅವರು ಯಾರೆಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಬಹುದು. ಆದರೆ ಅವರಿಗೆ ಕೊಟ್ಟರೂ ಮಾಹಿತಿ ಅಳಿಸುವ ಹೊಣೆ ನಮ್ಮದೇ.

ಎಲ್ಲವೂ ಕಸವೇ ಎಂದೂ ತಿಳಿಯಬೇಡಿ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಉಚಿತ ಸುರಕ್ಷತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತೆಂದು ಎಷ್ಟೋ ಒಳ್ಳೆಯ ಕಂಪ್ಯೂಟರುಗಳನ್ನು ಜನ ಹೊರಗಿಡುತ್ತಿದ್ದಾರೆ. ಅವುಗಳಲ್ಲಿ ಹೆಚ್ಚಿನವಕ್ಕೆ ಉಚಿತವಾದ ಲಿನಕ್ಸ್ ಹಾಕಿದರೆ ಮಕ್ಕಳಿಗೆ ಕನ್ನಡ ಟೈಪಿಂಗ್ ಕಲಿಸಲು ಧಾರಾಳವಾಗಿ ಸಾಕು.

ಈಗ ಸಾರ್ ಕೇಳಿದ ಪ್ರಶ್ನೆಗೆ ಬರುತ್ತೇನೆ. ಆ ಕೊಠಡಿಯಲ್ಲಿರುವುದು ಸರ್ಕಾರಿ ಸ್ವತ್ತು. ದಾಸ್ತಾನು ವಹಿಯಲ್ಲಿ ನಮೂದಾಗಿದೆ. ಇಲಾಖೆಯ ಅನುಮತಿಯಿಲ್ಲದೆ ಒಂದು ಮೌಸನ್ನೂ ಮಾರುವಂತಿಲ್ಲ. ಅನುಮತಿ ಬರುವವರೆಗೆ ಕೊಠಡಿಗೆ ಬೀಗವಿರಲಿ. ಬಂದ ಮೇಲೆ ನಮ್ಮ ತಂಡದ ಹಳೆಯ ವಿದ್ಯಾರ್ಥಿಗಳು ನಾಲ್ಕು ಜನ ಎರಡು ಭಾನುವಾರ ಬಂದು, ಶಿಕ್ಷಕರೊಬ್ಬರ ಎದುರಿನಲ್ಲಿ ಒಂದೊಂದೇ ಡಿಸ್ಕಿನ ಸಂಖ್ಯೆ ಬರೆದುಕೊಂಡು, ಪೂರ್ತಿ ಅಳಿಸಿ, ರುಜು ಮಾಡಿ ಕೊಡುತ್ತೇವೆ. ಒಂದು ಪೈಸೆಯೂ ಬೇಡ, ಮಧ್ಯಾಹ್ನ ಬಿಸಿಯೂಟದ ಅನ್ನ ಸಾರು ಸಿಕ್ಕರೆ ಸಾಕು.

ಈ ಶಾಲೆಯ ಮಕ್ಕಳ ಅಂಕ, ಜಾತಿ, ತಂದೆ ತಾಯಿಯ ಆದಾಯ, ಖಾತೆ ಸಂಖ್ಯೆ ಎಲ್ಲವನ್ನೂ ನಂಬಿ ಇಲ್ಲಿ ಕೊಟ್ಟಿದ್ದಾರೆ. ಐವತ್ತು ವರ್ಷದಿಂದ ನಮ್ಮ ಗುರುಗಳು ದಾಖಲಾತಿ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕಾಪಾಡಿದ್ದಾರೆ. ಕಂಪ್ಯೂಟರಿಗೂ ಅದೇ ಬೀಗ, ಅದೇ ಜವಾಬ್ದಾರಿ ಬೇಕು. ನೀವೂ ಮನೆಗೆ ಹೋಗಿ ಅಟ್ಟದ ಮೇಲೆ, ಬೀರುವಿನ ಮೂಲೆಯಲ್ಲಿ ಹಳೆಯ ಯಂತ್ರ ಏನಿದೆ ನೋಡಿ. ಹೇಗೆಂದು ತಿಳಿಯದಿದ್ದರೆ ನನ್ನ ಅಂಗಡಿಗೆ ತನ್ನಿ, ನಿಮ್ಮ ಕಣ್ಣೆದುರಿಗೇ ಅಳಿಸಿಕೊಡುತ್ತೇನೆ.