ಆಟವಿಲ್ಲದ ಹಂಗಾಮಿನ ಆಟ



ಆಟವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಆಟ ನಡೆದಾಗಿನ ಸಂಗತಿಯನ್ನು ಹೇಳುತ್ತಾರೆ. ಆಟ ನಡೆಯದೆ ಇರುವಾಗ ಏನು ನಡೆಯುತ್ತದೆ ಎಂಬುದನ್ನು ಕುರಿತು ನಾನು ಈ ದಿನ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಮೈದಾನದಲ್ಲಿ ಹುಲ್ಲು ತನ್ನಷ್ಟಕ್ಕೆ ಬೆಳೆಯುತ್ತಿರುತ್ತದೆ. ಪ್ರೇಕ್ಷಕರು ತಮ್ಮ ತಮ್ಮ ಉದ್ಯೋಗಗಳಿಗೆ ಮರಳಿರುತ್ತಾರೆ. ತಂಡಗಳ ಯಜಮಾನರಿಗೆ ಮಾತ್ರ ಅದೇ ಸುಗ್ಗಿಯ ಕಾಲ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಬಿಟ್ಟವನ ಜಾಗಕ್ಕೆ ಯಾರನ್ನು ಎಷ್ಟು ಕೊಟ್ಟು ತರಬೇಕು ಎಂಬ ಲೆಕ್ಕ ಆಗ ನಡೆಯುತ್ತದೆ. ಇಂಗ್ಲಿಷಿನವರು ಇದನ್ನು ‘ಆಫ್ ಸೀಸನ್’ ಎನ್ನುತ್ತಾರೆ. ನಮ್ಮ ಸೀಮೆಯ ರೈತನ ಬಾಯಲ್ಲಿ ‘ಹಂಗಾಮು’ ಎಂಬ ಚೆಲುವಾದ ಮಾತಿದೆ. ಮುಂಗಾರಿ ಹಂಗಾಮಿಗೂ ಹಿಂಗಾರಿ ಹಂಗಾಮಿಗೂ ನಡುವೆ ಅವನು ಸುಮ್ಮನೆ ಕೂಡುವುದಿಲ್ಲ. ಎತ್ತು ಮಾರುತ್ತಾನೆ, ಎತ್ತು ಕೊಳ್ಳುತ್ತಾನೆ, ಕುಂಟೆ ಕೂರಿಗೆಗಳನ್ನು ಬಡಿಗನ ಮನೆಗೆ ಒಯ್ಯುತ್ತಾನೆ. ಬೆಳೆ ಹೇಗೆ ಬರುತ್ತದೆಂಬುದು ಅರ್ಧ ಅಲ್ಲಿಯೇ ನಿಶ್ಚಯವಾಗಿರುತ್ತದೆ.

ನಮ್ಮ ಊರಿನ ಹೆಸರನ್ನು ಹೊತ್ತ ವೃತ್ತಿಪರ ತಂಡವೊಂದಿದೆ ಎಂಬುದು ಸಾಹಿತ್ಯಾಸಕ್ತರಾದ ತಮಗೆ ತಿಳಿಯದ ವಿಷಯವೇನೂ ಅಲ್ಲ. ಅದು ಹುಬ್ಳಿ ಟೈಗರ್ಸ್. ಊರಿನ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಹುಬ್ಬಳ್ಳಿಯಾಯಿತು. ತಂಡ ಮಾತ್ರ ಇನ್ನೂ ಬ್ರಿಟಿಷರು ಬರೆದ ಕಾಗುಣಿತವನ್ನು ಬಿಟ್ಟಿಲ್ಲ. ಇರಲಿ. ಮಹಾರಾಜ ಟ್ರೋಫಿ ಎಂಬ ರಾಜ್ಯಮಟ್ಟದ ಇಪ್ಪತ್ತು ಓವರುಗಳ ಪಂದ್ಯಾವಳಿಯಲ್ಲಿ ಈ ತಂಡ 2023ರಲ್ಲಿ ಮನೀಷ್ ಪಾಂಡೆಯವರ ನಾಯಕತ್ವದಲ್ಲಿ ಮೈಸೂರು ವಾರಿಯರ್ಸ್ ತಂಡವನ್ನು ಅಂತಿಮ ಪಂದ್ಯದಲ್ಲಿ 8 ಓಟಗಳಿಂದ ಸೋಲಿಸಿ ಪ್ರಶಸ್ತಿಯನ್ನು ಪಡೆಯಿತು. ಎರಡು ವರ್ಷ ಕಳೆದು 2025ರ ಜುಲೈ ತಿಂಗಳ ಹರಾಜು ಬಂದಾಗ ಆದದ್ದೇನು? ದೇವದತ್ತ ಪಡಿಕ್ಕಲ್ ಅವರನ್ನು 13.20 ಲಕ್ಷ ರೂಪಾಯಿಗೂ, ಅಭಿನವ್ ಮನೋಹರ್ ಅವರನ್ನು 12.20 ಲಕ್ಷಕ್ಕೂ ನಮ್ಮ ತಂಡ ಕೊಂಡಿತು. ಪ್ರಶಸ್ತಿ ಗೆದ್ದುಕೊಟ್ಟ ನಾಯಕ ಪಾಂಡೆ ಅದೇ 12.20 ಲಕ್ಷಕ್ಕೆ ಹೋದದ್ದು ಎಲ್ಲಿಗೆ? ಯಾರನ್ನು ಸೋಲಿಸಿದ್ದರೊ ಆ ಮೈಸೂರಿಗೆ.

ನಾನಿರುವ ಕಮರಿಪೇಟೆಯ ಓಣಿಯಲ್ಲಿ ಆ ಸಂಜೆ ಹುಡುಗರು ಕಟ್ಟೆಯ ಮೇಲೆ ಕುಳಿತು ಈ ಪಟ್ಟಿಯನ್ನು ಪಂಚಾಂಗ ಓದುವಂತೆ ಓದುತ್ತಿದ್ದರು. ಒಬ್ಬ ನನ್ನನ್ನು ನಿಲ್ಲಿಸಿ, “ಪಾಂಡೇನ್ನ ಬಿಟ್ಟಬಿಟ್ರಲ್ರಿ ಸರ, ಕಪ್ ತಂದವನ್ನ ಹಿಂಗ ಬಿಡ್ತಾರೇನ್ರಿ?” ಎಂದು ಕೇಳಿದ. ಪಕ್ಕದವನು, “ಪಡಿಕ್ಕಲ್ ಬಂದಾನಲ್ಲೋ, ಸುಮ್ನಿರು” ಎಂದು ಬಾಯಿ ಮುಚ್ಚಿಸಿದ. ಇಬ್ಬರ ಮಾತಿನಲ್ಲಿಯೂ ಒಂದೊಂದು ಧರ್ಮವಿದೆ. ಮೊದಲನೆಯವನದು ಋಣದ ಧರ್ಮ, ಎರಡನೆಯವನದು ಗೆಲುವಿನ ಧರ್ಮ. ಈ ಎರಡರ ಜಗಳ ಹೊಸದಲ್ಲ.

ಮಹಾಭಾರತದ ಉದ್ಯೋಗಪರ್ವವನ್ನು ನೋಡಿರಿ. ಯುದ್ಧವಿನ್ನೂ ಆರಂಭವಾಗಿಲ್ಲ, ಇಡೀ ಪರ್ವವೇ ಪಕ್ಷ ಕಟ್ಟುವ ಕಾಲ. ಅರ್ಜುನನೂ ದುರ್ಯೋಧನನೂ ಒಂದೇ ದಿನ ದ್ವಾರಕೆಗೆ ಹೋಗುತ್ತಾರೆ. ಒಂದು ಕಡೆ ಆಯುಧ ಹಿಡಿಯದ ಕೃಷ್ಣನೊಬ್ಬ, ಇನ್ನೊಂದು ಕಡೆ ನಾರಾಯಣ ಸೇನೆ. ಮೊದಲ ಆಯ್ಕೆ ಅರ್ಜುನನದಾಗುತ್ತದೆ. ಎರಡನೆಯ ಆಯ್ಕೆ ಸಿಕ್ಕ ದುರ್ಯೋಧನ ತಾನೇ ಗೆದ್ದೆನೆಂದು ಹಿಗ್ಗಿ ಮನೆಗೆ ಹೋಗುತ್ತಾನೆ. ಶಲ್ಯನ ಕಥೆ ಇನ್ನೂ ಸ್ವಾರಸ್ಯವಾದುದು. ಸೋದರಳಿಯಂದಿರಾದ ಪಾಂಡವರ ಕಡೆಗೆಂದು ಹೊರಟ ಮದ್ರರಾಜನಿಗೆ ದಾರಿಯುದ್ದಕ್ಕೂ ಬಿಡಾರ ಹಾಕಿಸಿ, ಊಟ ಉಪಚಾರ ಮಾಡಿಸಿ, ಮಾತು ಪಡೆದು ದುರ್ಯೋಧನ ಅವನನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಹಾಗೆ ಬಂದ ಶಲ್ಯ ಕರ್ಣನ ರಥದ ಮೇಲೆ ಕುಳಿತು ಮಾಡಿದ್ದೇನು? ತನ್ನ ರಥಿಕನ ತೇಜೋವಧೆ. ಬೆಲೆ ಕೊಟ್ಟು ತಂದವನ ಮೈ ಮಾತ್ರ ಬರುತ್ತದೆ, ಮನಸ್ಸು ಬರುತ್ತದೆಂಬ ಭರವಸೆಯಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಇದಕ್ಕೆ ಪ್ರತಿಯಾಗಿ ಕರ್ಣನಿದ್ದಾನೆ. ಕೃಷ್ಣನೇ ಬಂದು ಕುಲವನ್ನು ತಿಳಿಸಿ ಪಾಂಡವರ ಸಿಂಹಾಸನವನ್ನು ತೋರಿಸಿದರೂ ಅವನು ಪಕ್ಷವನ್ನು ಬಿಡುವುದಿಲ್ಲ. ನಮ್ಮ ಹಳಗನ್ನಡದವರು ಈ ಗುಣಕ್ಕೆ ‘ಜೋಳವಾಳಿ’ ಎಂಬ ಹೆಸರಿಟ್ಟಿದ್ದರು. ಉಂಡ ಜೋಳದ ಋಣ ತೀರಿಸುವುದು ಎಂದರ್ಥ. ಜೋಳ ಉಣ್ಣುವ ನಮ್ಮ ನಾಡಿನಲ್ಲಿ ಹುಟ್ಟಬೇಕಾದ ಮಾತೇ ಅದು.

ಆದರೆ ಜೋಳವಾಳಿಯನ್ನು ಆಳಿನಿಂದ ಮಾತ್ರ ಬಯಸಿ ಧಣಿಯನ್ನು ಅದರಿಂದ ಬಿಟ್ಟುಬಿಡುವುದು ನ್ಯಾಯವಲ್ಲ. ಈ ಮಾತಿಗೆ ಅಮೆರಿಕೆಯ ವೃತ್ತಿಪರ ಬಾಸ್ಕೆಟ್‌ಬಾಲಿನ ಇತಿಹಾಸವೇ ಸಾಕ್ಷಿ. ಅಲ್ಲಿ ಅಕ್ಟೋಬರಿನಿಂದ ಜೂನಿನವರೆಗೆ ಆಟ. ಮಿಕ್ಕ ಬೇಸಗೆಯೆಲ್ಲ ಆಟಗಾರರ ಅದಲುಬದಲು. ಒಂದು ಕಾಲದಲ್ಲಿ ಆಟಗಾರನನ್ನು ಒಮ್ಮೆ ಕೊಂಡ ತಂಡವೇ ಅವನ ಒಡೆಯ. ಕರಾರು ಮುಗಿದರೂ ತನ್ನಿಚ್ಛೆಯಿಂದ ಅವನು ಬೇರೆ ಕಡೆಗೆ ಹೋಗುವಂತಿರಲಿಲ್ಲ. ತಂಡ ಮಾತ್ರ ಅವನನ್ನು ಬೇಕೆಂದಾಗ ಮಾರಬಹುದಾಗಿತ್ತು. ಆಸ್ಕರ್ ರಾಬರ್ಟ್ಸನ್ ಎಂಬ ಮಹಾನ್ ಆಟಗಾರ, ಆಟಗಾರರ ಸಂಘದ ಅಧ್ಯಕ್ಷನಾಗಿ, 1970ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದ. ಆರು ವರ್ಷ ಕಳೆದು 1976ರಲ್ಲಿ ರಾಜಿಯಾಯಿತು. ಕರಾರು ಮುಗಿದ ಆಟಗಾರ ತನಗೆ ಬೇಕಾದ ಕಡೆಗೆ ಹೋಗುವ ದಾರಿ ಅಲ್ಲಿಂದ ತೆರೆಯಿತು. ಇಂದು ಅಲ್ಲಿಯ ಬೇಸಗೆಯ ಗದ್ದಲವನ್ನು ನೋಡಿ, ದುಡ್ಡಿಗಾಗಿ ಊರು ಬಿಡುವವರೆಂದು ಆಟಗಾರರನ್ನು ಹಳಿಯುವವರು ಆ ಆರು ವರ್ಷಗಳನ್ನು ನೆನೆಯಬೇಕು.

ಅಲ್ಲಿ ಇನ್ನೊಂದು ವಿಚಿತ್ರ ಏರ್ಪಾಡಿದೆ. ಹೊಸ ಆಟಗಾರರನ್ನು ಹಂಚುವಾಗ ಸೋತ ತಂಡಕ್ಕೆ ಮೊದಲು ಆರಿಸುವ ಅವಕಾಶ ಹೆಚ್ಚು. ದುರ್ಬಲನನ್ನು ಮೇಲೆತ್ತುವ ಈ ಸದುದ್ದೇಶದ ಫಲವಾಗಿ, ಕೆಲವು ತಂಡಗಳು ಬೇಕೆಂದೇ ಸೋಲತೊಡಗಿದವು. ಅದನ್ನು ತಡೆಯಲು 1985ರಲ್ಲಿ ಚೀಟಿ ಎತ್ತುವ ಪದ್ಧತಿಯನ್ನು ತಂದರು. ಅದೂ ಸಾಲದೆ 2019ರಲ್ಲಿ ತೀರ ಕೆಳಗಿನ ಮೂರು ತಂಡಗಳಿಗೂ ಮೊದಲ ಆಯ್ಕೆಗೆ ನೂರಕ್ಕೆ 14ರಂತೆ ಸಮಾನ ಅವಕಾಶವೆಂದು ತಿದ್ದಿದರು. ಬೇಲಿ ಹಾಕಿದಷ್ಟೂ ಕಂಡಿ ಹುಡುಕುವ ದನದ ಜಾಣತನ ಮನುಷ್ಯನಿಗೂ ಉಂಟು.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅಲ್ಲಿಯ ಹೆಸರುಗಳು. ಲಾಸ್ ಏಂಜಲೀಸಿನ ತಂಡದ ಹೆಸರು ಲೇಕರ್ಸ್, ಅಂದರೆ ಕೆರೆಗಳ ನಾಡಿನವರು. ಆ ತಂಡ ಮೊದಲು ಸರೋವರಗಳಿಗೆ ಹೆಸರಾದ ಮಿನಿಯಾಪೊಲಿಸಿನಲ್ಲಿತ್ತು. 1960ರಲ್ಲಿ ಕಡಲತೀರಕ್ಕೆ ಗುಳೆ ಹೋಗುವಾಗ ಕೆರೆಗಳನ್ನು ಅಲ್ಲಿಯೇ ಬಿಟ್ಟು ಹೆಸರನ್ನು ಮಾತ್ರ ಒಯ್ದಿತು. ಜಾಜ್ ಸಂಗೀತದ ತವರಾದ ನ್ಯೂ ಆರ್ಲಿಯನ್ಸಿನ ತಂಡ 1979ರಲ್ಲಿ ಯೂಟಾ ರಾಜ್ಯಕ್ಕೆ ಹೋಯಿತು. ಇಂದಿಗೂ ಅದರ ಹೆಸರು ಜಾಜ್. ಸಿಯಾಟಲ್ ಜನರದು ಇದಕ್ಕೆ ವಿಪರೀತ. 2008ರಲ್ಲಿ ಅವರ ತಂಡವನ್ನು ಒಡೆಯರು ಓಕ್ಲಹೋಮಾ ಸಿಟಿಗೆ ಒಯ್ದರು. ಸೂಪರ್‌ಸಾನಿಕ್ಸ್ ಎಂಬ ಹೆಸರು ಮಾತ್ರ ಸಿಯಾಟಲಿನ ಪಾಲಿಗೆ ಉಳಿಯಿತು. ಆಟವಿಲ್ಲದ ಹೆಸರನ್ನು ಎದೆಗವಚಿಕೊಂಡು ಒಂದು ಊರು ವರ್ಷಗಟ್ಟಲೆ ಕಾಯಿತು.

ಹೆಸರು ಒಂದೂರಿನದು, ಆಟ ಇನ್ನೊಂದೂರಿನದು ಎಂಬುದು ನಮಗೂ ಅಪರಿಚಿತವಲ್ಲ. ನಮ್ಮ ವೃತ್ತಿ ನಾಟಕ ಕಂಪನಿಗಳನ್ನು ನೆನೆಯಿರಿ. ಗುಬ್ಬಿ ಕಂಪನಿ ಗುಬ್ಬಿಯಲ್ಲಿ ಕೂಡಲಿಲ್ಲ; ಕೊಣ್ಣೂರು ಕಂಪನಿ ಕೊಣ್ಣೂರಿನಲ್ಲಿ ನಿಲ್ಲಲಿಲ್ಲ. ಗದುಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಾಗಲಿ, ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯಸಂಘವಾಗಲಿ ಊರಿಂದೂರಿಗೆ ಸಾಮಾನು ಸಾಗಿಸಿಯೇ ಬಾಳಿದವು. ಮಳೆಗಾಲ ಹಿಡಿದರೆ ಕಂಪನಿಗೆ ಕಷ್ಟ. ನಟನೊಬ್ಬ ಸದ್ದಿಲ್ಲದೆ ಇನ್ನೊಂದು ಕಂಪನಿಗೆ ಸೇರಿಬಿಡುತ್ತಿದ್ದುದೂ ಉಂಟು. ಆದರೆ ಒಂದು ಭೇದವಿದೆ. ಕಂಪನಿ ಯಾವೂರಿನದೇ ಆಗಿರಲಿ, ಅದು ಹುಬ್ಬಳ್ಳಿಗೆ ಬಂದು ಡೇರೆ ಹಾಕುತ್ತಿತ್ತು. ನಾವು ಚಾಪೆಗೆ ಇಷ್ಟು, ಕುರ್ಚಿಗೆ ಇಷ್ಟು ಎಂದು ಕೊಟ್ಟು ಎದುರಿಗೆ ಕುಳಿತು ನೋಡುತ್ತಿದ್ದೆವು.

ಹುಬ್ಬಳ್ಳಿಯ ಹುಲಿಗಳನ್ನು ಹುಬ್ಬಳ್ಳಿಯವರು ಎದುರಿಗೆ ಕುಳಿತು ನೋಡುವ ಭಾಗ್ಯ ಹಾಗಿಲ್ಲ. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗಿನ ಕಾಲದಲ್ಲಿ ಕೆಲವು ವರ್ಷ ರಾಜನಗರದ ಮೈದಾನದಲ್ಲಿ ಪಂದ್ಯಗಳಾದವು. ಜನ ಕಿಕ್ಕಿರಿದು ಬಂದರು. ಆ ಲೀಗಿನ 2019ರ ಅಂತಿಮ ಪಂದ್ಯವನ್ನು ನಮ್ಮ ತಂಡವೇ ಬಳ್ಳಾರಿಯ ಮೇಲೆ ಗೆದ್ದಿತು. ಆದರೆ ಹಬ್ಬದ ಹೋಳಿಗೆಯಲ್ಲಿ ಹರಳು ಸಿಕ್ಕಂತಾಯಿತು. ಹಣ ಪಡೆದು ಬೇಕೆಂದೇ ನಿಧಾನವಾಗಿ ಆಡಿದರೆಂಬ ಆಪಾದನೆಯ ಮೇಲೆ ಎದುರಾಳಿ ತಂಡದ ಇಬ್ಬರನ್ನು ಪೊಲೀಸರು ಬಂಧಿಸಿದರು. ಇದು ಭಾರತೀಯ ದಂಡಸಂಹಿತೆಯ ಪ್ರಕಾರ ವಂಚನೆಯ ಅಪರಾಧವಾಗದೆಂದು ಹೇಳಿ 2022ರಲ್ಲಿ ಉಚ್ಚ ನ್ಯಾಯಾಲಯ ಪ್ರಕರಣವನ್ನು ರದ್ದುಗೊಳಿಸಿತು. ಕಾನೂನಿನ ಲೆಕ್ಕ ಮುಗಿಯಿತು. ಆದರೆ ನಾವು ಗೆದ್ದೆವೊ, ಅವರು ಗೆಲ್ಲಗೊಟ್ಟರೊ ಎಂಬ ಸಂಶಯ ಒಂದು ಊರಿನ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಆಟದಲ್ಲಿ ಸೋಲಿಗಿಂತ ಕೆಟ್ಟದ್ದು ಅದು.

ಲೀಗು ನಿಂತುಹೋಯಿತು. ನಡುವೆ ಸಾಂಕ್ರಾಮಿಕದ ಎರಡು ವರ್ಷ ಕಳೆದವು. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಿಂದ ಮತ್ತೆ ಆರಂಭವಾದಾಗ ಪಂದ್ಯಗಳು ಮೈಸೂರು ಬೆಂಗಳೂರುಗಳಲ್ಲಿ ನಡೆದವು. 2023 ಮತ್ತು 2024ರಲ್ಲಿ ಬೆಂಗಳೂರು, 2025ರಲ್ಲಿ ಮೈಸೂರು. ಆ ವರ್ಷ ಪಡಿಕ್ಕಲ್ ನಾಯಕರಾಗಿ ತಂಡವನ್ನು ಅಂತಿಮ ಪಂದ್ಯದವರೆಗೆ ಒಯ್ದರು. ಮಂಗಳೂರಿನವರು ಬೆನ್ನಟ್ಟುತ್ತಿದ್ದಾಗ ಮಳೆ ಬಂದಿತು. ಕೇರಳದ ಎಂಜಿನಿಯರ್ ಜಯದೇವನ್ ಅವರು ರೂಪಿಸಿದ ಗಣಿತ ಪದ್ಧತಿಯ ಪ್ರಕಾರ ನಮ್ಮವರು 14 ಓಟಗಳಿಂದ ಸೋತರೆಂದಾಯಿತು. ಓಣಿಯ ಎರಡನೆಯ ಹುಡುಗನ ಲೆಕ್ಕ ಬಹುಪಾಲು ಸರಿಯಾಗಿಯೇ ಇತ್ತೆನ್ನಬೇಕು. ಮಳೆಯನ್ನು ಹರಾಜಿನಲ್ಲಿ ಕೊಳ್ಳಲಾಗುವುದಿಲ್ಲವಷ್ಟೆ.

ಈ ಊರಿಗೆ ಮೈದಾನದ ಕೊರತೆಯಿದೆಯೆ? ಇಲ್ಲ. 2024ರ ಜನವರಿಯಲ್ಲಿ ರಾಜನಗರದಲ್ಲಿಯೇ ಪಂಜಾಬಿನ ಎದುರು ರಣಜಿ ಪಂದ್ಯ ನಡೆಯಿತು. ಪಡಿಕ್ಕಲ್ 193, ಪಾಂಡೆ 118. ಒಂದೇ ಇನಿಂಗ್ಸಿನಲ್ಲಿ, ಒಂದೇ ಪಕ್ಷದಲ್ಲಿ, ನಮ್ಮ ಕಣ್ಣೆದುರಿಗೆ. ಮುಂದಿನ ವರ್ಷದ ಹರಾಜಿನಲ್ಲಿ ಒಬ್ಬರು ನಮ್ಮ ಹೆಸರಿನ ತಂಡಕ್ಕೆ ಬಂದರು, ಇನ್ನೊಬ್ಬರು ಅದನ್ನು ಬಿಟ್ಟು ಹೋದರು. ಇಬ್ಬರನ್ನೂ ನಾವು ಮುಂದೆ ನೋಡಿದ್ದು ಮನೆಯ ಪೆಟ್ಟಿಗೆಯಲ್ಲಿ. ಪಂದ್ಯಾವಳಿ ಆಗಸ್ಟಿನಲ್ಲಿ ನಡೆಯುವುದರಿಂದ ಮಳೆಯ ನೆಪ ಹೇಳಬಹುದು. ಆಗಸ್ಟಿನಲ್ಲಿಯೇ ಏಕೆಂದರೆ, ರಾಷ್ಟ್ರದ ದೊಡ್ಡ ಪಂದ್ಯಗಳಿಗೆ ಆಗ ಬಿಡುವು; ಪಡಿಕ್ಕಲರಂಥವರು ದೊರೆಯುವುದು ಆಗಲೇ. ಹೀಗೆ ನಮ್ಮ ಈ ಆಟವೇ ಇನ್ನೊಂದು ದೊಡ್ಡ ಆಟದ ಬಿಡುವಿನಲ್ಲಿ ಹುಟ್ಟಿದ ಕೂಸು. ಅದಕ್ಕೆ ತನ್ನದೇ ಆದ ಹಂಗಾಮಿಲ್ಲ. ಮಳೆ ಬೆಂಗಳೂರಿಗೂ ಬರುತ್ತದೆ, ಮೈಸೂರಿಗೂ ಬರುತ್ತದೆ ಎಂಬುದನ್ನು 2025ರ ಅಂತಿಮ ಪಂದ್ಯವೇ ತೋರಿಸಿತು.

ಇನ್ನು ಮುಂದಿನ ದಿನಗಳ ಮಾತು. ತಂಡವೊಂದು ಬಲಗೊಳ್ಳಲು ಎರಡು ದಾರಿಗಳಿವೆ. ಒಂದು, ಕೊಳ್ಳುವುದು. ಇದರ ಫಲ ಬೇಗ, ಭರವಸೆ ಕಡಿಮೆ. ಕಬಡ್ಡಿಯ ಪವನ್ ಸೆಹ್ರಾವತ್ ಬೆಂಗಳೂರು ಬುಲ್ಸ್ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟವರು. 2022ರ ಹರಾಜಿನಲ್ಲಿ ತಮಿಳು ತಂಡ ಅವರಿಗೆ 2.26 ಕೋಟಿ ಕೊಟ್ಟಿತು. ಮೊದಲ ಪಂದ್ಯದಲ್ಲಿಯೇ ಮೊಳಕಾಲು ನೊಂದು ಇಡೀ ಹಂಗಾಮು ಹೊರಗುಳಿದರು. ಎರಡನೆಯ ದಾರಿ ಬೆಳೆಸುವುದು. ತಂಡದಲ್ಲಿ ಆಯಾ ಸೀಮೆಯ ಇಬ್ಬರಾದರೂ ಇರಬೇಕೆಂಬ ಕಟ್ಟಳೆಯನ್ನು 2023ರ ಹರಾಜಿಗೆ ಮಾಡಿದ್ದರು. ನನ್ನ ದೃಷ್ಟಿಯಲ್ಲಿ ಇಡೀ ಹರಾಜಿನಲ್ಲಿ ಊರಿಗೆ ನಿಜವಾಗಿ ಸಂಬಂಧಿಸಿದ್ದು ಈ ಒಂದು ಸಾಲು. ಪತ್ರಿಕೆಗಳು ಹದಿಮೂರು ಲಕ್ಷದವರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತವೆ. ಸೀಮೆಯ ಆ ಇಬ್ಬರ ಹೆಸರು ಕಾಣಬೇಕಾದರೆ ಕನ್ನಡಕ ಹುಡುಕಬೇಕು.

ಸುನೀಲ ಜೋಶಿಯವರು ಬಾಲ್ಯದಲ್ಲಿ ಗದುಗಿನಿಂದ ಬೆಳಗಿನ ಜಾವ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮರಳಿ ಹೋಗುತ್ತಿದ್ದರು. ಸುಮಾರು 60 ಕಿಲೋಮೀಟರಿನ ದಾರಿ, ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕೆಯ ಎದುರು 10 ಓವರುಗಳಲ್ಲಿ 6 ಓಟ ಕೊಟ್ಟು 5 ವಿಕೆಟ್ ಪಡೆದ ಬೆರಳುಗಳು ಇಲ್ಲಿಯ ಮಣ್ಣಿನಲ್ಲಿ ಪಳಗಿದವು. ಆಗ ಹರಾಜೂ ಇರಲಿಲ್ಲ, ಊರಿನ ಹೆಸರಿನ ತಂಡವೂ ಇರಲಿಲ್ಲ. ಹೋಗಿ ಬರಲು ಒಂದು ಮೈದಾನವಿತ್ತು, ಅಲ್ಲಿ ಆಡಿಸುವವರಿದ್ದರು.

ಮುಂದಿನ ಹರಾಜಿನ ಪಟ್ಟಿ ಬಂದಾಗ ಪಡಿಕ್ಕಲ್ ಉಳಿದರೆ ಎಂದು ನಮ್ಮ ಓಣಿಯ ಹುಡುಗರು ಮೊದಲು ನೋಡುತ್ತಾರೆ. ನೋಡಲಿ. ಧಾರವಾಡ, ಗದಗ, ಹಾವೇರಿಗಳ ಕಡೆಯಿಂದ ಬಂದ ಹುಡುಗರು ಯಾರು, ಅವರನ್ನು ಹನ್ನೊಂದು ಮಂದಿಯಲ್ಲಿ ಆಡಿಸಿದರೊ ಅಥವಾ ಕಟ್ಟಳೆಗಾಗಿ ಕರೆತಂದು ನೀರಿನ ಬಾಟಲಿ ಹೊರಿಸಿದರೊ ಎಂಬುದನ್ನು ನಾನು ನೋಡುತ್ತೇನೆ. ಪಂದ್ಯಗಳಲ್ಲಿ ನಾಲ್ಕಾದರೂ ರಾಜನಗರದಲ್ಲಿ ಇವೆಯೆ ಎಂಬುದನ್ನೂ ನೋಡುತ್ತೇನೆ. ಇದ್ದರೆ, ಕಮರಿಪೇಟೆಯಿಂದ ಕೊಡೆ ಹಿಡಿದುಕೊಂಡು ಹೋಗಲು ನಮ್ಮಲ್ಲಿ ಬಹಳ ಜನ ಸಿದ್ಧರಿದ್ದೇವೆ.